ಮೆಡಿಯಾಳನ್ನು ಬರೀ ಮಾಟಗಾತಿ ಅಂತ ಬಿಟ್ಟುಬಿಡಬೇಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಲೋಕದ ಕಥೆಗಳಲ್ಲಿ ಬರುವ ಮಾಟಗಾತಿಯರ ಬಗ್ಗೆ ಬಂದ ಲೇಖನ ಓದಿದೆ. ಅದರಲ್ಲಿ ಗ್ರೀಕರ ಮೆಡಿಯಾಗೆ ಸಿಕ್ಕಿದ್ದು ನಾಲ್ಕೇ ಸಾಲು. ಗಂಡನ ಮೇಲಿನ ಸಿಟ್ಟಿಗೆ ಹೆತ್ತ ಮಕ್ಕಳನ್ನು ಕೊಂದ ಮಾಟಗಾತಿ, ಕೊನೆಗೆ ದೇವರು ಅವಳಿಗೆ ತಕ್ಕ ಶಿಕ್ಷೆ ಕೊಟ್ಟ, ಇಷ್ಟೇ. ಮುಂದಿನ ವಾರ ಅದಕ್ಕೆ ಉತ್ತರವಾಗಿ ಒಬ್ಬ ಓದುಗರ ಪತ್ರವನ್ನೂ ಹಾಕಿದ್ದೀರಿ. ಅವರ ಪ್ರಕಾರ ಮೆಡಿಯಾ ಮೋಸ ಹೋದ ಹೆಣ್ಣು, ಅವಳು ಮಾಡಿದ್ದಕ್ಕೆಲ್ಲ ಗಂಡನೇ ಹೊಣೆ. ಎರಡನ್ನೂ ಓದಿದ ಮೇಲೆ ಸುಮ್ನಿರಲು ಆಗಲಿಲ್ಲ. ಒಬ್ಬರು ಅವಳನ್ನು ರಾಕ್ಷಸಿ ಮಾಡಿದರು, ಇನ್ನೊಬ್ಬರು ಪಾಪದ ಹೆಂಗಸು ಮಾಡಿದರು. ಪ್ರಾಚೀನ ಗ್ರೀಕ್ ನಾಟಕಕಾರ ಯೂರಿಪಿಡೀಸ್ ಬರೆದ ‘ಮೆಡಿಯಾ’ ನಾಟಕದಲ್ಲಿ ಇರುವವಳು ಈ ಇಬ್ಬರೂ ಅಲ್ಲ.

ಮೊದಲು ಈ ಮಾಟದ ವಿಷಯ ಮುಗಿಸಿಬಿಡೋಣ. ಮೆಡಿಯಾ ಕೋಲ್ಕಿಸ್ ದೇಶದ ರಾಜನ ಮಗಳು, ಸೂರ್ಯನ ಮೊಮ್ಮಗಳು. ಕೋಲ್ಕಿಸ್ ಅಂದರೆ ಕಪ್ಪು ಸಮುದ್ರದ ಪೂರ್ವದ ದಂಡೆ, ಇವತ್ತಿನ ಜಾರ್ಜಿಯಾ ದೇಶದ ಭಾಗ. ಜೇಸನ್ ಅನ್ನುವ ಗ್ರೀಕ್ ಯುವಕ ಆರ್ಗೋ ಹಡಗಿನಲ್ಲಿ ಅಲ್ಲಿಗೆ ಬರುತ್ತಾನೆ. ಅವನಿಗೆ ಬೇಕಾಗಿದ್ದು ಚಿನ್ನದ ಉಣ್ಣೆಯ ಟಗರಿನ ಚರ್ಮ. ರಾಜ ಸುಮ್ನೆ ಕೊಡುತ್ತಾನಾ? ಬೆಂಕಿ ಉಗುಳುವ ಹೋರಿಗಳನ್ನು ನೊಗಕ್ಕೆ ಕಟ್ಟಿ ಉಳಬೇಕು ಅಂತ ಷರತ್ತು ಹಾಕುತ್ತಾನೆ. ಜೇಸನ್ ಅವತ್ತೇ ಸುಟ್ಟು ಬೂದಿಯಾಗಬೇಕಿತ್ತು. ಮೈಗೆ ಹಚ್ಚಿಕೊಳ್ಳಲು ಮುಲಾಮು ಕೊಟ್ಟವಳು ಮೆಡಿಯಾ. ಚರ್ಮ ಕಾಯುತ್ತಿದ್ದ ಘಟಸರ್ಪದ ಕಾಟ ಅವನಿಗೆ ತಪ್ಪಿಸಿದವಳೂ ಅವಳೇ. ಆಮೇಲೆ ಅವನ ಊರು ಇಯೋಲ್ಕಸ್‌ಗೆ ಬಂದಾಗ, ಅವನ ಶತ್ರು ಪೀಲಿಯಸ್ ರಾಜನ ಹೆಣ್ಣುಮಕ್ಕಳನ್ನು ನಂಬಿಸಿದಳು. ಮುದಿ ಟಗರನ್ನು ಕತ್ತರಿಸಿ ಕೊಪ್ಪರಿಗೆಯಲ್ಲಿ ಕುದಿಸಿ ಎಳೇ ಮರಿಯಾಗಿ ಎಬ್ಬಿಸಿ ತೋರಿಸಿದಳು. ಆ ಹುಡುಗಿಯರು ಅಪ್ಪನೂ ಹೀಗೇ ಹರೆಯದವನಾಗುತ್ತಾನೆ ಅಂದುಕೊಂಡು ತಮ್ಮ ಕೈಯಾರೆ ಅವನನ್ನು ಕತ್ತರಿಸಿದರು. ಅವನು ಏಳಲಿಲ್ಲ.

ಇದರಲ್ಲಿ ಒಂದು ವಿಷಯ ಎದ್ದು ಕಾಣುತ್ತದೆ, ಅಲ್ವಾ? ಈ ಮಾಟವೆಲ್ಲ ನಡೆದದ್ದು ಜೇಸನ್‌ಗಾಗಿ. ಅವನ ಕೆಲಸ ಆಗುವ ತನಕ ಅವಳು ಮಾಟಗಾತಿ ಅಂತ ಯಾರೂ ಮೂಗು ಮುರಿಯಲಿಲ್ಲ. ಆಮೇಲೆ ಗಂಡ ಹೆಂಡತಿ ಕೊರಿಂಥ್ ಅನ್ನುವ ಗ್ರೀಕ್ ಊರಿಗೆ ಬಂದು ನೆಲೆಸಿದರು. ಅಲ್ಲಿನ ರಾಜನ ಮಗಳು ಅವನ ಕಣ್ಣಿಗೆ ಬಿದ್ದ ಮೇಲೆ ಅವಳು ಅಪಾಯದ ಹೆಂಗಸು, ಪರದೇಶದವಳು, ಊರು ಬಿಟ್ಟು ಹೋಗಬೇಕಾದವಳು.

ಮತ್ತೆ, ನಾಟಕದ ಒಳಗೆ ಅವಳು ಮಾಡುವ ಮಾಟ ತೀರಾ ಕಡಿಮೆ. ಆ ರಾಜಕುಮಾರಿಗೆ ಉಡುಗೊರೆಯಾಗಿ ಕಳಿಸುವ, ಸೀರೆಯಷ್ಟು ತೆಳುವಾದ ಒಂದು ನಿಲುವಂಗಿಗೆ, ಒಂದು ಚಿನ್ನದ ಕಿರೀಟಕ್ಕೆ ವಿಷ ಹಚ್ಚುತ್ತಾಳೆ. ಉಳಿದಿದ್ದೆಲ್ಲ ಮಾತು. ಕೊರಿಂಥ್‌ನ ರಾಜ ಕ್ರೆಯಾನ್ ಅವಳನ್ನು ತಕ್ಷಣ ಗಡಿಪಾರು ಮಾಡಲು ಬಂದವನು. ಅವಳು ಮೊಣಕಾಲು ಹಿಡಿದು, ಮಕ್ಕಳ ಹೆಸರು ಹೇಳಿ ಒಂದೇ ಒಂದು ದಿನ ಕೇಳುತ್ತಾಳೆ. ತಪ್ಪು ಮಾಡುತ್ತಿದ್ದೇನೆ ಅಂತ ಬಾಯಿಬಿಟ್ಟು ಹೇಳಿಕೊಂಡೇ ಅವನು ಒಪ್ಪುತ್ತಾನೆ. ಅಥೆನ್ಸ್‌ನ ರಾಜ ಈಜಿಯಸ್ ಮಕ್ಕಳಿಲ್ಲದೆ ಕೊರಗುತ್ತಿದ್ದವನು, ಅವನನ್ನು ಮಾತಲ್ಲೇ ಕಟ್ಟಿಹಾಕುತ್ತಾಳೆ. ಜೇಸನ್‌ನ ಮುಂದೆ ನಾನೇ ದುಡುಕಿದೆ, ಹೆಂಗಸಲ್ಲವೇ ಅಂತ ಅತ್ತು ಅವನನ್ನು ಉಬ್ಬಿಸುತ್ತಾಳೆ. ಗಂಡಸರು ಹೆಂಗಸಿನ ಬಗ್ಗೆ ಏನು ನಂಬಿದ್ದಾರೋ ಅದನ್ನೇ ಅವರಿಗೆ ವಾಪಸ್ ಕೊಡುತ್ತಾಳೆ. ಇದಕ್ಕೆ ಯಾವ ಮಂತ್ರವೂ ಬೇಕಿಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಮೆಡಿಯಾಳ ಸಂಬಂಧಗಳು ಅರ್ಥವಾಗಬೇಕಾದರೆ ಆಣೆ ಎಲ್ಲೆಲ್ಲಿ ಬರುತ್ತದೆ ಅಂತ ನೋಡಬೇಕು. ನಾಟಕದ ಮೊದಲ ಮಾತು ಅವಳ ಮನೆಯ ದಾದಿಯದು. ಆರ್ಗೋ ಹಡಗು ಆ ದೇಶಕ್ಕೆ ಹೋಗದೇ ಇದ್ದಿದ್ದರೆ, ಅದಕ್ಕಾಗಿ ಪೀಲಿಯನ್ ಬೆಟ್ಟದ ಮರ ಕಡಿಯದೇ ಇದ್ದಿದ್ದರೆ ಅಂತ ಆ ಮುದುಕಿ ಹಲುಬುತ್ತಾಳೆ. ಯಜಮಾನತಿ ಊಟ ಬಿಟ್ಟು, ನೆಲ ನೋಡುತ್ತಾ ಬಿದ್ದಿದ್ದಾಳೆ, ಕೊಟ್ಟ ಆಣೆಯನ್ನು, ಬಲಗೈ ಹಿಡಿದು ಕೊಟ್ಟ ಭಾಷೆಯನ್ನು ಕೂಗಿ ಕೂಗಿ ಹೇಳುತ್ತಿದ್ದಾಳೆ ಅನ್ನುತ್ತಾಳೆ. ಪ್ರೀತಿ ಹೋಯಿತು ಅಂತ ಕೂಗುತ್ತಿಲ್ಲ, ಗಮನಿಸಿ. ಭಾಷೆ ಮುರಿಯಿತು ಅಂತ ಕೂಗುತ್ತಿದ್ದಾಳೆ.

ಯಾಕೆ ಅಂದರೆ ಅವಳ ಬಳಿ ಬೇರೆ ಏನೂ ಇರಲಿಲ್ಲ. ಅಪ್ಪ ಧಾರೆ ಎರೆದು ಕೊಟ್ಟ ಮದುವೆ ಅಲ್ಲ ಅದು. ಅವಳೇ ಮಾತಾಡಿ, ಅವಳೇ ಆಣೆ ಹಾಕಿಸಿಕೊಂಡ ಮದುವೆ. ಅದಕ್ಕಾಗಿ ಅಪ್ಪನಿಗೆ ದ್ರೋಹ ಮಾಡಿದಳು, ತಮ್ಮನ ಕೊಲೆಯಾಯಿತು. ಈ ತಮ್ಮನ ಸಾವನ್ನು ಒಬ್ಬೊಬ್ಬ ಕವಿ ಒಂದೊಂದು ಥರ ಹೇಳುತ್ತಾನೆ. ಕ್ರಿ.ಪೂ. 3ನೇ ಶತಮಾನದ ಅಪೊಲೋನಿಯಸ್‌ನ ಕಾವ್ಯದಲ್ಲಿ ಕೊಲ್ಲುವವನು ಜೇಸನ್. ಅವಳು ಪಕ್ಕದಲ್ಲೇ ನಿಂತು ಮುಸುಕು ಎಳೆದುಕೊಂಡು ಮುಖ ತಿರುಗಿಸುತ್ತಾಳೆ. ಯೂರಿಪಿಡೀಸ್‌ನಲ್ಲಿ ಮನೆಯ ಒಲೆಯ ಹತ್ತಿರವೇ ತಮ್ಮನನ್ನು ಕೊಂದವಳು ನೀನು ಅಂತ ಜೇಸನ್ ಅವಳಿಗೆ ಹೇಳುತ್ತಾನೆ. ಯಾವ ಕಥೆ ಹಿಡಿದರೂ ಅಷ್ಟೇ, ಅವಳಿಗೆ ತವರಿಲ್ಲ. ಕೊರಿಂಥ್‌ನ ಹೆಂಗಸರ ಮುಂದೆ ಅವಳು ಇದನ್ನೇ ಹೇಳುತ್ತಾಳೆ: ನಿಮಗೆ ಊರಿದೆ, ಅಪ್ಪನ ಮನೆ ಇದೆ, ನನಗೆ ತಾಯಿಯಿಲ್ಲ, ಅಣ್ಣತಮ್ಮಂದಿರಿಲ್ಲ, ಹೋಗಿ ನಿಲ್ಲಲು ಒಂದು ನೆಲೆಯಿಲ್ಲ. ಮೂರು ಸಲ ಗುರಾಣಿ ಹಿಡಿದು ಯುದ್ಧಕ್ಕೆ ನಿಂತೇನು, ಒಂದು ಸಲ ಹೆರುವುದು ಬೇಡ ಅನ್ನುವ ಮಾತು ಬರುವುದೂ ಇಲ್ಲೇ.

ಈ ನಾಟಕ ಮೊದಲು ಆಡಿದ್ದು ಕ್ರಿ.ಪೂ. 431ರಲ್ಲಿ, ಅಥೆನ್ಸ್‌ನಲ್ಲಿ. ಅದಕ್ಕೆ 20 ವರ್ಷ ಮೊದಲು, ಕ್ರಿ.ಪೂ. 451ರಲ್ಲಿ, ಅಥೆನ್ಸ್‌ನ ನಾಯಕ ಪೆರಿಕ್ಲೀಸ್ ಅಲ್ಲಿ ಒಂದು ಕಾನೂನು ತಂದಿದ್ದ. ಅಪ್ಪ ಅಮ್ಮ ಇಬ್ಬರೂ ಅಥೆನ್ಸ್‌ನವರಾಗಿದ್ದರೆ ಮಾತ್ರ ಮಗು ಅಥೆನ್ಸ್‌ನ ಪ್ರಜೆ. ಕಥೆ ಕೊರಿಂಥ್‌ನದೇ ಇರಬಹುದು, ಆದರೆ ಪರದೇಶದ ಹೆಂಡತಿಯ ಮಕ್ಕಳು ಅಂದರೆ ಏನು ಅಂತ ಆ ಪ್ರೇಕ್ಷಕರಿಗೆ ಬಿಡಿಸಿ ಹೇಳಬೇಕಿರಲಿಲ್ಲ. ರಾಜನ ಮಗಳನ್ನು ಮದುವೆಯಾಗಿ ನಿನ್ನ ಮಕ್ಕಳಿಗೂ ಒಳ್ಳೇದು ಮಾಡುತ್ತೇನೆ ಅಂತ ಜೇಸನ್ ಹೇಳುವಾಗ ಆ ಮಾತಿಗೆ ತೂಕ ಬರುವುದು ಇದರಿಂದಲೇ.

ನಮ್ಮ ಹವ್ಯಾಸಿ ನಾಟಕ ತಂಡದಲ್ಲಿ ಇದನ್ನು ಕೂತು ಓದಿದೆವು. ಜೇಸನ್ ಪಾತ್ರ ಓದಿದವರು ಮೊದಲು ಖಳನಾಯಕನ ಗಡಸು ದನಿಯಲ್ಲಿ ಓದಿದರು. ಯಾರಿಗೂ ಏನೂ ಅನ್ನಿಸಲಿಲ್ಲ. ಎರಡನೇ ಸಲ ಮನೆಯ ಹಿರಿಯರು ಬುದ್ಧಿ ಹೇಳುವಂತೆ ಮೆತ್ತಗೆ ಓದಿದರು. ನನ್ನನ್ನು ಕಾಪಾಡಿದ್ದು ನೀನಲ್ಲ, ಪ್ರೇಮದ ದೇವತೆ. ನಿನಗೆ ಸಿಕ್ಕಿದ್ದು ನೀನು ಕೊಟ್ಟಿದ್ದಕ್ಕಿಂತ ಜಾಸ್ತಿ. ಕಾಡು ದೇಶ ಬಿಟ್ಟು ಗ್ರೀಸ್‌ಗೆ ಬಂದೆ, ನ್ಯಾಯ ಅಂದರೇನು ಅಂತ ಕಲಿತೆ, ಹೆಸರು ಮಾಡಿದೆ. ಹೀಗೆ ಸಾಗುತ್ತದೆ ಅವನ ಮಾತು. ಓದುತ್ತಿದ್ದ ಕೋಣೆಯಲ್ಲಿ ಗಲಾಟೆಯೇ ಶುರುವಾಯಿತು. ಅವನು ಕೆಟ್ಟವನಂತೆ ಕೂಗಾಡಿದ್ದರೆ ತಡೆದುಕೊಳ್ಳಬಹುದಿತ್ತು, ಹೀಗೆ ಲೆಕ್ಕ ಒಪ್ಪಿಸಿದರೆ ಮೈ ಉರಿಯುತ್ತದೆ ಅಂದರು ಒಬ್ಬರು. ನನಗೂ ಹಾಗೇ ಅನ್ನಿಸಿತು. ಜೇಸನ್ ತನ್ನ ಮಾತನ್ನು ತಾನೇ ನಂಬುತ್ತಾನೆ. ಆಣೆ ಅವನಿಗೆ ನೆನಪೇ ಇಲ್ಲ.

ಇಲ್ಲಿಯ ತನಕ ಆ ಪತ್ರ ಬರೆದ ಓದುಗರ ಜೊತೆ ನಾನಿದ್ದೇನೆ. ಮುಂದೆ ಇಲ್ಲ.

ಮೆಡಿಯಾಗೆ ಬೇರೆ ದಾರಿಯೇ ಇರಲಿಲ್ಲ ಅಂತ ಅವರು ಬರೆದಿದ್ದಾರೆ. ಇತ್ತು. ಈಜಿಯಸ್ ಬಂದು ಅಥೆನ್ಸ್‌ನಲ್ಲಿ ಜಾಗ ಕೊಡುತ್ತೇನೆ ಅಂತ ಹೇಳಿದ ಮೇಲೆ ಅವಳಿಗೆ ನೆಲೆ ಸಿಕ್ಕಿತ್ತು. ಬಾಯಿಮಾತು ಸಾಲದು ಅಂತ ಭೂಮಿ, ಸೂರ್ಯ, ಎಲ್ಲ ದೇವರ ಮೇಲೆ ಅವನ ಕೈಲಿ ಆಣೆಯನ್ನೂ ಹಾಕಿಸಿಕೊಂಡಿದ್ದಳು. ಮಕ್ಕಳನ್ನು ಕರೆದುಕೊಂಡು ಹೊರಡಬಹುದಿತ್ತು. ಆದರೆ ಮಕ್ಕಳನ್ನು ಕೊಲ್ಲುತ್ತೇನೆ ಅಂತ ಅವಳು ಮೊದಲ ಸಲ ಬಾಯಿಬಿಟ್ಟು ಹೇಳುವುದು ಆ ಆಣೆ ಸಿಕ್ಕಿದ ಮೇಲೆ! ಹೆತ್ತ ಮಕ್ಕಳನ್ನೇ ಕೊಲ್ಲುವ ಧೈರ್ಯ ನಿನಗಿದೆಯಾ ಅಂತ ಊರ ಹೆಂಗಸರು ಕೇಳಿದರೆ, ಗಂಡನಿಗೆ ಎಲ್ಲಕ್ಕಿಂತ ಜಾಸ್ತಿ ನೋವಾಗುವುದು ಅದರಿಂದಲೇ ಅನ್ನುತ್ತಾಳೆ.

ಇನ್ನೊಂದು ಮಾತು ಅವಳ ಬಾಯಲ್ಲಿ ಮತ್ತೆ ಮತ್ತೆ ಬರುತ್ತದೆ: ಶತ್ರುಗಳು ನನ್ನನ್ನು ನೋಡಿ ನಗಬಾರದು. ಬಿ.ಎಂ.ಶ್ರೀ ಅವರ ‘ಅಶ್ವತ್ಥಾಮನ್’ ಓದಿದವರಿಗೆ ಈ ಉರಿ ಗೊತ್ತಿರುತ್ತದೆ. ಅವರು ಗ್ರೀಕ್ ನಾಟಕಕಾರ ಸೊಫೋಕ್ಲೀಸ್ ಬರೆದ ಏಜಾಕ್ಸ್ ಅನ್ನುವ ವೀರನ ಕಥೆಯನ್ನು ನಮ್ಮ ಮಹಾಭಾರತಕ್ಕೆ ಹೊಂದಿಸಿ ಬರೆದರಲ್ಲ, ಆ ಏಜಾಕ್ಸ್‌ನ ಎದೆಯಲ್ಲಿ ಇದ್ದದ್ದೂ ಇದೇ ಉರಿ, ಹಗೆಗಳು ನಗುತ್ತಾರೆ ಅನ್ನುವ ಉರಿ. ಮೆಡಿಯಾ ಯೋಚಿಸುವುದು ಯುದ್ಧವೀರರ ಹಾಗೆ. ಮಾನಕ್ಕೆ ಮಾನ, ಪೆಟ್ಟಿಗೆ ಪೆಟ್ಟು. ಏಜಾಕ್ಸ್ ತನ್ನ ಕತ್ತಿಗೆ ತಾನೇ ಬೀಳುತ್ತಾನೆ. ಇವಳ ಕತ್ತಿ ಹೋಗುವುದು ಮಕ್ಕಳ ಕಡೆಗೆ.

ರಾಜಕುಮಾರಿಯ ಬಗ್ಗೆ ಲೇಖನದಲ್ಲೂ ಏನಿಲ್ಲ, ಪತ್ರದಲ್ಲೂ ಏನಿಲ್ಲ. ಯೂರಿಪಿಡೀಸ್ ಅವಳಿಗೆ ಹೆಸರೇ ಕೊಟ್ಟಿಲ್ಲ, ರಂಗದ ಮೇಲೂ ತರುವುದಿಲ್ಲ. ಸುದ್ದಿ ತಂದ ಆಳು ಹೇಳುವ ಮಾತಿನಲ್ಲಷ್ಟೇ ಅವಳು ಕಾಣುತ್ತಾಳೆ, ಆದರೆ ಎಷ್ಟು ಚೆನ್ನಾಗಿ ಕಾಣುತ್ತಾಳೆ ನೋಡಿ. ಜೇಸನ್ ಬಂದ ಅಂತ ಆಸೆಯಿಂದ ತಲೆ ಎತ್ತುತ್ತಾಳೆ, ಹಿಂದೆ ಅವನ ಮಕ್ಕಳು ಕಂಡ ಕೂಡಲೇ ಮುಖ ತಿರುಗಿಸುತ್ತಾಳೆ. ಉಡುಗೊರೆ ನೋಡಿದ ಮೇಲೆ ಎಲ್ಲದಕ್ಕೂ ಹೂಂ ಅನ್ನುತ್ತಾಳೆ. ಅವರು ಹೊಸಿಲು ದಾಟುವುದೇ ತಡ, ಬಟ್ಟೆ ಉಟ್ಟು, ಕಿರೀಟ ಇಟ್ಟು, ಕನ್ನಡಿ ನೋಡಿ ನಗುತ್ತಾಳೆ. ಕೋಣೆಯಲ್ಲಿ ಓಡಾಡಿ, ಬೆನ್ನು ತಿರುಗಿಸಿ ಹಿಮ್ಮಡಿಯ ಮೇಲೆ ಬಟ್ಟೆ ಹೇಗೆ ಬೀಳುತ್ತದೆ ಅಂತ ನೋಡಿಕೊಳ್ಳುತ್ತಾಳೆ. ಆಮೇಲೆ ಬಣ್ಣ ಬಿಳಿಚುತ್ತದೆ, ಬಾಯಲ್ಲಿ ನೊರೆ, ತಲೆಯಿಂದ ಬೆಂಕಿ. ಪೈನ್ ಮರದ ಅಂಟಿನ ಹಾಗೆ ಮಾಂಸ ಕರಗಿ ಇಳಿಯುತ್ತದೆ. ಓಡಿ ಬಂದು ತಬ್ಬಿದ ಅಪ್ಪ ಅವಳ ಮೈಗೆ ಅಂಟಿಕೊಂಡು ಬಿಡಿಸಿಕೊಳ್ಳಲಾಗದೆ ಸಾಯುತ್ತಾನೆ. ಹೊಸ ಬಟ್ಟೆಗೆ ಹಿಗ್ಗಿದ ಒಂದು ಹುಡುಗಿ ಅವಳು, ಅಷ್ಟೇ. ಮೆಡಿಯಾ ಈ ಸುದ್ದಿಯನ್ನು ನಿಧಾನವಾಗಿ ಹೇಳು, ಅವರು ನರಳಿ ಸತ್ತರೆ ನನಗೆ ಇಮ್ಮಡಿ ಸಂತೋಷ ಅನ್ನುತ್ತಾಳೆ. ಇದನ್ನು ಓದಿಯೂ ಗಂಡನೇ ಹೊಣೆ ಅಂತ ಪತ್ರ ಮುಗಿಸಲು ಹೇಗಾಗುತ್ತದೆ?

ಹಾಗಂತ ರಾಕ್ಷಸಿ ಅನ್ನೋಣವೇ? ಅದಕ್ಕೂ ನಾಟಕ ಬಿಡುವುದಿಲ್ಲ. ಮಕ್ಕಳು ಅವಳನ್ನು ನೋಡಿ ನಗುತ್ತಾರೆ, ಅವಳ ಮನಸ್ಸು ಕರಗುತ್ತದೆ. ಬೇಡ, ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾಳೆ. ಮರುಕ್ಷಣ, ಶತ್ರುಗಳ ನಗುವಿಗೆ ಬೀಳಲೇ ಅನ್ನುತ್ತಾಳೆ. ಮತ್ತೆ ಬೇಡ ಅನ್ನುತ್ತಾಳೆ. ಮಕ್ಕಳ ಕೈಗೆ ಮುತ್ತಿಡುತ್ತಾಳೆ, ಮೆತ್ತನೆ ಮೈ, ಸಿಹಿ ಉಸಿರು ಅಂತ ಮುದ್ದಾಡಿ ಒಳಗೆ ಕಳಿಸುತ್ತಾಳೆ. ಎಂಥ ಕೇಡು ಮಾಡಲು ಹೊರಟಿದ್ದೇನೆ ಅಂತ ನನಗೆ ಗೊತ್ತು, ಆದರೆ ನನ್ನ ಬುದ್ಧಿಗಿಂತ ನನ್ನ ಸಿಟ್ಟು ದೊಡ್ಡದು ಅಂತ ಅವಳೇ ಹೇಳುತ್ತಾಳೆ. ಹುಚ್ಚು ಹಿಡಿದವರು ಹೀಗೆ ಮಾತಾಡುವುದಿಲ್ಲ. ಅವಳಿಗೆ ಎಲ್ಲ ಗೊತ್ತು.

ನನಗೆ ಅನ್ನಿಸುವುದು ಇದು. ಮೆಡಿಯಾಳ ಮಿಕ್ಕ ಸಂಬಂಧಗಳಲ್ಲೆಲ್ಲ ಒಂದು ಕೊಡು-ಕೊಳ್ಳುವ ಮಾತಿದೆ. ಜೇಸನ್‌ನ ಪ್ರಾಣ ಉಳಿಸಿ ಮದುವೆ ಪಡೆದಳು. ಈಜಿಯಸ್‌ಗೆ ಮಕ್ಕಳಾಗುವ ಔಷಧಿ ಕೊಡುತ್ತೇನೆ ಅಂತ ಮಾತು ಕೊಟ್ಟು ನೆಲೆ ಪಡೆದಳು. ಮಾತು ಮುರಿದರೆ ಸೇಡು, ಉಳಿಸಿಕೊಂಡರೆ ನೆರವು. ಆದರೆ ಆ ಎರಡು ಮಕ್ಕಳು ಅವಳಿಗೆ ಯಾವ ಆಣೆಯನ್ನೂ ಕೊಟ್ಟಿರಲಿಲ್ಲ, ಮುರಿದಿರಲೂ ಇಲ್ಲ. ಅವಳ ಬದುಕಿನಲ್ಲಿ ಲೆಕ್ಕವೇ ಇಲ್ಲದ ಸಂಬಂಧ ಅದೊಂದೇ. ಅದನ್ನೂ ಜೇಸನ್‌ನ ಲೆಕ್ಕಕ್ಕೆ ಸೇರಿಸಿಬಿಟ್ಟಳು. ಅವಳಿಗಾದ ಅನ್ಯಾಯ ನಿಜ, ಪೂರ್ತಿ ನಿಜ. ಅದು ಈ ಕೊಲೆಯವರೆಗೆ ಬಂದು ಮುಟ್ಟುವುದಿಲ್ಲ.

ಮಕ್ಕಳನ್ನು ಕೊಂದವರು ಕೊರಿಂಥ್‌ನ ಜನ, ಕಲ್ಲು ಹೊಡೆದು ಕೊಂದರು ಅನ್ನುವ ಕಥೆಯೂ ಹಳೇ ಕಾಲದಿಂದ ಇದೆ. ಕ್ರಿ.ಶ. 2ನೇ ಶತಮಾನದ ಗ್ರೀಕ್ ಪ್ರವಾಸಿ ಲೇಖಕ ಪೌಸಾನಿಯಸ್ ಅದನ್ನು ಬರೆದಿಟ್ಟಿದ್ದಾನೆ. ಜರ್ಮನ್ ಲೇಖಕಿ ಕ್ರಿಸ್ತಾ ವೋಲ್ಫ್ 1996ರ ತಮ್ಮ ಕಾದಂಬರಿಯಲ್ಲಿ ಮೆಡಿಯಾಳನ್ನು ನಿರಪರಾಧಿಯಾಗಿಯೇ ತೋರಿಸಿದರು. ಅದಕ್ಕೂ ಜಾಗ ಇದೆ. ಆದರೆ ನಿರಪರಾಧಿ ಮೆಡಿಯಾ ನನ್ನನ್ನು ಇಷ್ಟು ಕಾಡುವುದಿಲ್ಲ.

ಕೊನೆಗೆ ಒಂದು ತಿದ್ದುಪಡಿ, ದಯವಿಟ್ಟು ಹಾಕಿ. ಯೂರಿಪಿಡೀಸ್‌ನ ನಾಟಕದಲ್ಲಿ ದೇವರು ಅವಳಿಗೆ ಶಿಕ್ಷೆ ಕೊಡುವುದೇ ಇಲ್ಲ. ತಾತ ಸೂರ್ಯ ರಥ ಕಳಿಸುತ್ತಾನೆ. ಮಕ್ಕಳ ಹೆಣ ಜೊತೆಗಿಟ್ಟುಕೊಂಡು ಅವಳು ಮೇಲೆ ನಿಂತಿರುತ್ತಾಳೆ. ಒಂದು ಸಲ ಮುಟ್ಟುತ್ತೇನೆ ಅಂತ ಜೇಸನ್ ಬೇಡಿದರೆ ಆಗದು ಅನ್ನುತ್ತಾಳೆ. ಆಮೇಲೆ ಅವಳು ಹೋಗುವುದು ಅಥೆನ್ಸ್‌ಗೆ, ಈಜಿಯಸ್‌ನ ಮನೆಗೆ. ಅವತ್ತು ಬಯಲಿನಲ್ಲಿ ಕೂತು ನಾಟಕ ನೋಡುತ್ತಿದ್ದವರ ಊರಿಗೇ! ಆ ವರ್ಷದ ನಾಟಕ ಸ್ಪರ್ಧೆಯಲ್ಲಿ ಯೂರಿಪಿಡೀಸ್‌ಗೆ ಸಿಕ್ಕಿದ್ದು 3ನೇ ಸ್ಥಾನ, ಅಂದರೆ ಕೊನೆಯ ಸ್ಥಾನ.

ಇಂತಿ,
ನಿಮ್ಮ ಓದುಗ, ಮೈಸೂರು