ಗೆಳೆಯನಿಗೊಂದು ಪತ್ರ: ಕಥೆಯನ್ನು ನಡುಹೊಳೆಯಲ್ಲಿ ನಿಲ್ಲಿಸು

ಗಂಗಾವತಿ

ಪ್ರೀತಿಯ ಗೆಳೆಯಾ,

ನಾಲ್ಕನೇ ತರಗತಿಯ 32 ಮಕ್ಕಳು ಕಥೆ ಹೇಳಿದರೆ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ, ಪ್ರಶ್ನೆ ಕೇಳಿದರೆ ಮಾತ್ರ ಅವೇ ನಾಲ್ಕು ಕೈ ಮೇಲೇಳುತ್ತವೆ, ಗುಂಪಿನಲ್ಲಿ ಚರ್ಚಿಸಿ ಎಂದರೂ ಒಬ್ಬರ ಮುಖ ಒಬ್ಬರು ನೋಡುತ್ತ ಕೂರುತ್ತಾರೆ ಎಂದು ಬರೆದಿದ್ದೀಯ. ಇದರಲ್ಲಿ ಮಕ್ಕಳದೇನೂ ತಪ್ಪು ಕಾಣುವುದಿಲ್ಲ. ‘ಚರ್ಚಿಸಿ’ ಎಂದ ಮಾತ್ರಕ್ಕೆ ದೊಡ್ಡವರಾದ ನಮಗೂ ಮಾತು ಹೊರಡುವುದಿಲ್ಲವಲ್ಲ. ಮಾತಾಡದೆ ಮುಗಿಯದಂಥ ಕೆಲಸವನ್ನು ಅವರ ಕೈಗೆ ಕೊಡಬೇಕು. ಒಬ್ಬರಿಗೆ ಗೊತ್ತಿರುವುದು ಪಕ್ಕದವರಿಗೆ ಗೊತ್ತಿರಬಾರದು, ಗೊತ್ತಾಗದೆ ಕೆಲಸ ಮುಂದೆ ಸಾಗಬಾರದು. ಈ ಪತ್ರದಲ್ಲಿ ಬರೆಯುವುದೆಲ್ಲ ಈ ಒಂದು ಮಾತನ್ನು ಹಿಡಿದೇ.

ಕಥೆ ಹೊಸದಾಗಿರಬೇಕಿಲ್ಲ. ಮಂಗ ಮತ್ತು ಮೊಸಳೆಯ ಕಥೆಯನ್ನೇ ತೆಗೆದುಕೋ. ನಿನ್ನ ಮಕ್ಕಳು ಅಂಜನಾದ್ರಿ ಬೆಟ್ಟದಲ್ಲಿ ಮಂಗ ಬಾಳೆಹಣ್ಣು ಕಸಿದುಕೊಂಡು ಓಡುವುದನ್ನು ಕಂಡವರು. ತುಂಗಭದ್ರೆಯಲ್ಲಿ ಮೊಸಳೆ ಅದಾವೆ, ಹೊಳಿಗೆ ಇಳೀಬ್ಯಾಡ ಎಂದು ಮನೆಯಲ್ಲಿ ಬೈಸಿಕೊಂಡವರು. ಶಾಲೆ ಶುರುವಾಗುವ ದಿನಗಳಲ್ಲೇ ನೇರಳೆಯೂ ಹಣ್ಣಾಗುತ್ತದೆ. ಒಂದು ಬೊಗಸೆ ಹಣ್ಣು ತಂದು ಹಂಚಿ, ನಾಲಿಗೆ ನೇರಳೆ ಬಣ್ಣಕ್ಕೆ ತಿರುಗಿದ ಮೇಲೆ ಕಥೆ ಶುರು ಮಾಡಿದರೆ, ಹಣ್ಣಿನ ರುಚಿಗೆ ಮೊಸಳೆ ದಿನಾ ಯಾಕೆ ಬರುತ್ತಿತ್ತು ಎಂದು ನೀನು ವಿವರಿಸಬೇಕಾಗುವುದಿಲ್ಲ.

ಕಥೆಯನ್ನು ಓದಬೇಡ, ಹೇಳು. ಏಳೆಂಟು ನಿಮಿಷ ಸಾಕು. ಮೊಸಳೆಯ ಬೆನ್ನೇರಿ ಮಂಗ ನಡುಹೊಳೆಗೆ ಬಂತು, ‘ನನ್ನ ಹೆಂಡತಿಗೆ ನಿನ್ನ ಗುಂಡಿಗೆ ಬೇಕಂತೆ’ ಎಂದು ಮೊಸಳೆ ಬಾಯಿ ಬಿಟ್ಟಿತು. ಅಲ್ಲಿಗೆ ನಿಲ್ಲಿಸು. ಪಕ್ಕದವರ ಕಡೆ ತಿರುಗಿ, ಮಂಗ ಈಗ ಏನು ಮಾಡಬಹುದು ಎಂದು ಒಂದು ನಿಮಿಷ ಮಾತಾಡಿಕೊಳ್ಳಲಿ. ಕೊನೆ ಗೊತ್ತಿರುವ ಮಕ್ಕಳು ಇದ್ದೇ ಇರುತ್ತಾರೆ. ಅವರಿಗೆ ಮೊದಲೇ ಹೇಳಿಬಿಡು: ‘ನಿಮಗ ಗೊತ್ತಿರೂದು ಬಿಟ್ಟು ಬ್ಯಾರೆ ಉಪಾಯ ಹೇಳಬೇಕು.’ ಇಷ್ಟು ಹೇಳದಿದ್ದರೆ ಒಬ್ಬ ಹುಡುಗ ಕೂಗಿ ಉತ್ತರ ಹೇಳುತ್ತಾನೆ, ಉಳಿದ 31 ಜನರ ಯೋಚನೆ ಅಲ್ಲಿಗೇ ನಿಲ್ಲುತ್ತದೆ.

‘ಗುಂಡಿಗೆ’ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಆಂಧ್ರದಿಂದ ಬಂದ ರೈತರು ನೆಲೆಸಿದ ಕ್ಯಾಂಪುಗಳಿಂದ ಬರುವ ತೆಲುಗು ಮನೆಮಾತಿನ ಮಗು ಅದನ್ನು ತನ್ನ ‘ಗುಂಡೆ’ಯೆಂದು ಹಿಡಿಯುತ್ತದೆ, ಉರ್ದು ಮಾತಾಡುವ ಮಗು ‘ದಿಲ್’ ಎನ್ನುತ್ತದೆ, ಇನ್ನೊಂದು ‘ಎದಿ’ ಎನ್ನುತ್ತದೆ. ಎಲ್ಲವನ್ನೂ ಬೋರ್ಡಿನ ಮೂಲೆಯಲ್ಲಿ ಬರೆ. ಗಟ್ಟಿ ಗುಂಡಿಗೆ ಅಂದರೇನು, ಎದೆಗಾರ ಅಂದರೆ ಯಾರು, ಮಂಗನಿಗೆ ಗುಂಡಿಗೆ ಇತ್ತೋ ಇಲ್ಲವೋ ಎಂಬ ಮಾತು ತಾನೇ ಹೊರಡುತ್ತದೆ. ಮೊದಲ ಸುತ್ತಿನ ಜೋಡಿಮಾತನ್ನು ಒಂದೇ ಮನೆಮಾತಿನವರು ಸೇರಿ ಮಾಡಲಿ, ಯಾವ ಭಾಷೆಯಲ್ಲಾದರೂ ಸರಿ. ಎರಡನೇ ಸುತ್ತಿಗೆ ಬೆರೆಸು. ಲಂಬಾಣಿ ಮನೆಯ ಮಗುವಿನ ತಲೆಯಲ್ಲಿ ಯೋಚನೆ ಆಗಲೇ ಸಿದ್ಧವಾಗಿರುತ್ತದೆ, ಕನ್ನಡದ ಶಬ್ದ ಹುಡುಕುವ ಕೆಲಸವಷ್ಟೇ ಉಳಿದಿರುತ್ತದೆ. ಎರಡನ್ನೂ ಒಟ್ಟಿಗೆ ಮಾಡು ಎಂದಾಗಲೇ ಅದು ಬಾಯಿ ಮುಚ್ಚುವುದು.

ಎರಡನೇ ದಿನಕ್ಕೆ ಚಿತ್ರದ ಕಾರ್ಡು. ಇದಕ್ಕೆ ನೀನು ಒಂದು ಸಂಜೆ ಕೊಡಲೇಬೇಕು. ನಾಲ್ವರ ಗುಂಪಿಗೆ 8 ಕಾರ್ಡಿನ ಒಂದು ಸೆಟ್ಟು, ಎಂಟು ಗುಂಪಿಗೆ 64 ಕಾರ್ಡು. 22 ಇಂಚು, 28 ಇಂಚಿನ ಚಾರ್ಟ್ ಶೀಟನ್ನು ನಾಲ್ಕು ಇಂಚಿಗೆ ಐದೂವರೆ ಇಂಚಿನಂತೆ ಕತ್ತರಿಸಿದರೆ ಒಂದು ಶೀಟಿಗೆ 28 ಸಿಗುತ್ತವೆ, ಮೂರು ಶೀಟು ಸಾಕು. ಅಷ್ಟು ಸಲ ಚಿತ್ರ ಬರೆಯಲಾಗದಿದ್ದರೆ ಒಂದು ಸೆಟ್ಟು ಬರೆದು ಜೆರಾಕ್ಸ್ ಮಾಡಿಸಿ ಹಳೆಯ ಲಗ್ನಪತ್ರಿಕೆಗಳ ಮೇಲೆ ಅಂಟಿಸು. ಆ ಕಾಗದ ದಪ್ಪ, ಎರಡು ವರ್ಷ ಬಾಳುತ್ತದೆ.

ಚಿತ್ರಗಳು ಇವು: ಮಂಗ ಒಂಟಿಯಾಗಿ ಮರದ ಮೇಲೆ, ಮೊಸಳೆ ಮರದ ಬುಡಕ್ಕೆ ಬಂದದ್ದು, ಇಬ್ಬರೂ ಹಣ್ಣು ತಿನ್ನುತ್ತಿರುವುದು, ಮೊಸಳೆ ಹೆಂಡತಿಗೆ ಹಣ್ಣು ಒಯ್ದದ್ದು, ಹೆಂಡತಿ ಮುನಿಸಿಕೊಂಡದ್ದು, ಹೋಗುವಾಗ ಬೆನ್ನ ಮೇಲೆ ಮಂಗ, ವಾಪಸು ಬರುವಾಗ ಬೆನ್ನ ಮೇಲೆ ಮಂಗ, ಕೊನೆಗೆ ಮತ್ತೆ ಮಂಗ ಒಂಟಿಯಾಗಿ ಮರದ ಮೇಲೆ.

ಎಲ್ಲ ಗುಟ್ಟು ಇರುವುದು ಆರು, ಏಳನೇ ಚಿತ್ರಗಳಲ್ಲಿ. ಎರಡನ್ನೂ ಒಂದೇ ಅಳತೆಗೆ, ಒಂದೇ ರೀತಿ ಬರೆ. ಮೊಸಳೆಯ ಮೂತಿ ಎರಡರಲ್ಲೂ ಬಲಕ್ಕೇ ಇರಲಿ. ನೇರಳೆ ಮರ ಮಾತ್ರ ಒಂದರಲ್ಲಿ ಬೆನ್ನ ಹಿಂದೆ, ಇನ್ನೊಂದರಲ್ಲಿ ಮೂತಿಯ ಮುಂದೆ, ಕಾರ್ಡಿನ ಅಂಚಿನಲ್ಲಿ ಬೆರಳುಗುರಿನಷ್ಟು ಚಿಕ್ಕದಾಗಿ. ಮಕ್ಕಳಿಗೆ ತಲಾ ಎರಡು ಕಾರ್ಡು ಹಂಚು. ಈ ಎರಡು ಒಬ್ಬರ ಕೈಗೇ ಬೀಳದಂತೆ ನೋಡಿಕೋ. ಕಾರ್ಡನ್ನು ಎದೆಗೆ ಅವಚಿ ಹಿಡಿದು, ತೋರಿಸದೆ, ಅದರಲ್ಲಿ ಏನಿದೆ ಎಂದು ಬಾಯಲ್ಲೇ ಹೇಳಬೇಕು. ಯಾವುದು ಮೊದಲು, ಯಾವುದು ಆಮೇಲೆ ಎಂದು ಮಾತಿನಲ್ಲೇ ತೀರ್ಮಾನವಾದ ಮೇಲೆ ನೆಲಕ್ಕಿಡಬೇಕು. ಇಬ್ಬರು ಏಕಕಾಲಕ್ಕೆ ‘ಮಂಗ್ಯಾ ಮೊಸಳಿ ಮ್ಯಾಲೆ ಕುಂತೈತಿ’ ಎನ್ನುತ್ತಾರೆ. ‘ಅದು ನನ್ನ ಕಡೆ ಐತಿ!’ ‘ನನ್ನ ಕಡೀನೂ ಐತಿ!’ ಆಗ ಶುರುವಾಗುತ್ತದೆ ನೋಡು: ನಿನ್ನದರಾಗ ಗಿಡ ಎಲ್ಲೈತಿ, ಮುಂದೋ ಹಿಂದೋ, ಮುಂದಿದ್ದರ ಅದು ವಾಪಸ್ ಬರಾಕತ್ತೈತಿ. ಹಿಂದೆ, ಮುಂದೆ, ಆಗ, ಆಮೇಲೆ, ಇದ್ದರೆ, ಆಗಿದ್ದರೆ ಎಂಬ ಮಾತುಗಳೆಲ್ಲ ಹತ್ತು ನಿಮಿಷದಲ್ಲಿ ಬಾಯಿಗೆ ಬರುತ್ತವೆ. ಚಿತ್ರಗಳು ತೀರಾ ಸ್ಪಷ್ಟವಾಗಿದ್ದರೆ ಇದು ಆಗುವುದಿಲ್ಲ, ಎರಡು ನಿಮಿಷದಲ್ಲಿ ಜೋಡಿಸಿ ‘ಆತ್ರಿ ಸರ್’ ಎನ್ನುತ್ತಾರೆ.

ಮೊದಲ ಮತ್ತು ಕೊನೆಯ ಚಿತ್ರವನ್ನೂ ಹೆಚ್ಚುಕಡಿಮೆ ಒಂದೇ ಥರ ಬರೆ. ಎರಡರಲ್ಲೂ ಮಂಗ ಒಂಟಿ. ಯಾವುದನ್ನು ಮೊದಲಿಟ್ಟರೂ ಒಪ್ಪಿಕೋ, ಕಾರಣ ಮಾತ್ರ ಕೇಳು. ಗೆಳೆಯನಿಲ್ಲದ ಒಂಟಿತನಕ್ಕೂ ಗೆಳೆಯನನ್ನು ಕಳಕೊಂಡ ಒಂಟಿತನಕ್ಕೂ ಇರುವ ಅಂತರವನ್ನು ಮಕ್ಕಳು ತಮ್ಮ ಮಾತಿನಲ್ಲಿ ಹೇಳಬಲ್ಲರು.

ಇಲ್ಲಿ ಕೆಡುವುದು ಒಂದೇ ಕಡೆ: ಚುರುಕಾದ ಮಗು ಎಲ್ಲರ ಕಾರ್ಡನ್ನೂ ಕಸಿದು ತಾನೇ ಜೋಡಿಸಿಬಿಡುತ್ತದೆ. ‘ನಿನ್ನ ಕಾರ್ಡು ನಿನ್ನ ಕೈಯಾಗ’ ಎಂಬ ಒಂದೇ ನಿಯಮವನ್ನು ಬಿಗಿಯಾಗಿ ಪಾಲಿಸು, ಬೇರೆ ನಿಯಮ ಬೇಡ. ಕೂರುವಾಗ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂರಲಿ. ನಡುವೆ ಚಾಕ್‌ಪೀಸಿನಿಂದ ಎರಡಡಿಯ ಚೌಕ ಬರೆದುಕೊಡು. ದುಂಡು ದೊಡ್ಡದಾದಷ್ಟೂ ದನಿ ಏರುತ್ತದೆ, ಪಕ್ಕದ ಕೋಣೆಯವರು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಬೇವಿನ ಗಿಡದ ಕೆಳಗೆ ಕರೆದೊಯ್ಯುವುದಾದರೆ ಗುಂಪಿಗೆ ನಾಲ್ಕು ಹರಳು ಕೊಡು. ಆಷಾಢದ ಗಾಳಿಗೆ ಕಾರ್ಡು ಹಾರಿದರೆ ಮಕ್ಕಳೂ ಅದರ ಹಿಂದೆಯೇ ಹಾರುತ್ತಾರೆ. ಇನ್ನೊಂದು ಮಾತು. ಒಂದರಿಂದ ಮೂರನೇ ತರಗತಿಯವರೆಗೆ ಚಟುವಟಿಕೆಯಿಂದ ಕಲಿಸುವ ನಲಿ-ಕಲಿಯಲ್ಲಿ ಮೂರು ವರ್ಷ ತಟ್ಟೆಯಿಂದ ತಟ್ಟೆಗೆ, ಅಂದರೆ ಒಂದು ಕಲಿಕೆಯ ಗುಂಪಿನಿಂದ ಇನ್ನೊಂದಕ್ಕೆ, ಹೋಗುತ್ತ ಕಲಿತು ಬಂದ ಮಕ್ಕಳಿವರು. ನಾಲ್ಕನೇ ತರಗತಿಗೆ ಬಂದ ಕೂಡಲೇ ಸಾಲಾಗಿ ಕೂರಿಸಿ ಆ ರೂಢಿಯನ್ನು ಮರೆಸುವುದು ನನಗೆ ತುಂಬ ನೋವಿನ ಸಂಗತಿ.

ಮೂರನೇ ದಿನ ಹೇಳಿಕೆಗಳನ್ನು ವಿಂಗಡಿಸುವ ಕೆಲಸ. ಗುಂಪಿಗೆ 12 ಚೀಟಿ. ನೆಲದ ಮೇಲೆ ಮೂರು ಮನೆ: ಹೌದು, ಅಲ್ಲ, ಹೇಳಾಕ ಬರೂದಿಲ್ಲ. ಒಬ್ಬರು ಚೀಟಿ ಓದಬೇಕು, ಎಡಗಡೆಯವರು ‘ಯಾಕಂದ್ರ’ ಎಂದು ಶುರು ಮಾಡಿ ಮಾತಾಡಬೇಕು, ಆಮೇಲಷ್ಟೇ ಚೀಟಿ ಮನೆಗೆ ಸೇರಬೇಕು. ‘ಯಾಕಂದ್ರ’ವನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದಿಡು. 12ರಲ್ಲಿ ಎರಡು ಮಾತ್ರ ಸುಲಭದವು ಇರಲಿ, ‘ಮಂಗ ನೇರಳೆ ಮರದಲ್ಲಿ ಇತ್ತು’ ಎಂಬಂಥವು, ನಾಲಿಗೆ ಸಡಿಲವಾಗಲು. ಉಳಿದ ಹತ್ತಕ್ಕೆ ಒಂದೇ ಉತ್ತರ ಇರಬಾರದು. ‘ಮಂಗ ಸುಳ್ಳು ಹೇಳಿದ್ದು ತಪ್ಪು.’ ‘ಮೊಸಳೆಗೆ ಮಂಗನ ಮೇಲೆ ನಿಜವಾಗಿ ಪ್ರೀತಿ ಇತ್ತು.’ ‘ನಡುಹೊಳೆಯಲ್ಲಿ ನಿಜ ಹೇಳಿದ್ದರಿಂದ ಮೊಸಳೆ ಒಳ್ಳೆಯದು.’ ‘ಹೆಂಡತಿಗೆ ಮನೆಯಲ್ಲಿ ಒಬ್ಬಳೇ ಇದ್ದು ಬೇಸರವಾಗಿತ್ತು.’ ‘ಮಾರನೇ ದಿನ ಮೊಸಳೆ ಕ್ಷಮೆ ಕೇಳಿದರೆ ಮಂಗ ಒಪ್ಪಬೇಕು.’ ಈ ಕೊನೆಯದಕ್ಕೆ ಗುಂಪುಗಳು ಹತ್ತು ನಿಮಿಷ ತೆಗೆದುಕೊಂಡರೂ ಅವಸರ ಮಾಡಬೇಡ.

ಕೈ ಎತ್ತಿ ಮತ ಹಾಕಲು ಬಿಡಬೇಡ. ಮೂರಕ್ಕೆ ಒಂದು ಎಂದಾದ ಕೂಡಲೇ ಆ ಒಂದು ಮಗುವಿನ ಕಾರಣ ಮಣ್ಣುಪಾಲಾಗುತ್ತದೆ. ಜಗಳ ಬಗೆಹರಿಯದಿದ್ದರೆ ಚೀಟಿ ಮೂರನೇ ಮನೆಗೆ ಹೋಗಲಿ. ಕೊನೆಯ ಎಂಟು ನಿಮಿಷದಲ್ಲಿ ಪ್ರತಿ ಗುಂಪಿನಿಂದ ಒಬ್ಬ ದೂತ ಪಕ್ಕದ ಗುಂಪಿಗೆ ಹೋಗಿ, ಅವರು ಎಲ್ಲಿಟ್ಟಿದ್ದಾರೆ, ಯಾಕೆ ಎಂದು ಕೇಳಿಕೊಂಡು ಬಂದು ತನ್ನವರಿಗೆ ಹೇಳಲಿ. ಎಂಟು ಗುಂಪೂ ಸಾಲಾಗಿ ಎದ್ದು ನಿಂತು ವರದಿ ಒಪ್ಪಿಸುವುದಕ್ಕಿಂತ ಇದು ಎಷ್ಟೋ ಮೇಲು. ಅಲ್ಲಿ ಒಬ್ಬರು ಮಾತಾಡಿದರೆ 31 ಮಂದಿ ಸುಮ್ಮನಿರುತ್ತಾರೆ, ಇಲ್ಲಿ ಎಂಟು ಕಡೆ ಒಮ್ಮೆಗೇ ಮಾತು ನಡೆಯುತ್ತದೆ. ಓದಲು ಬಾರದ ಮಗುವಿಗೆ ಚೀಟಿಯ ಮೂಲೆಯಲ್ಲಿ ಒಂದು ಸಣ್ಣ ಚಿತ್ರ ಬರೆದುಕೊಡು. ಗುಂಪು ಓದಿದ್ದನ್ನು ಕೇಳಿ ಕಾರಣ ಹೇಳುವುದರಲ್ಲಿ ಅದು ಯಾರಿಗೂ ಕಡಿಮೆಯಾಗುವುದಿಲ್ಲ.

ನಾಲ್ಕನೇ ದಿನ ಪಾತ್ರವನ್ನು ಕುರ್ಚಿಯ ಮೇಲೆ ಕೂರಿಸಿ ಪ್ರಶ್ನೆ ಕೇಳುವ ಆಟ. ಬೇಕಾದರೆ ಇದಕ್ಕೆ ಮೊದಲು ಒಂದು ದಿನ ಹೆಚ್ಚಿಗೆ ತೆಗೆದುಕೊಂಡು ಹಂಚಿ ಕಲಿಯುವ ಕ್ರಮವನ್ನು ಸೇರಿಸಿಕೋ. 1971ರಲ್ಲಿ ಅಮೆರಿಕದ ಆಸ್ಟಿನ್ ನಗರದಲ್ಲಿ ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳು ಮೊದಲ ಬಾರಿಗೆ ಒಂದೇ ಕೋಣೆಯಲ್ಲಿ ಕೂತು ಮೂರು ಹೊತ್ತೂ ಜಗಳಾಡುತ್ತಿದ್ದಾಗ ಎಲಿಯಟ್ ಆರನ್ಸನ್ ಎಂಬ ಮನೋವಿಜ್ಞಾನಿ ರೂಪಿಸಿದ ಕ್ರಮ ಅದು: ಪಾಠದ ಒಂದೊಂದು ತುಂಡು ಒಂದೊಂದು ಮಗುವಿನ ಬಳಿ, ಅದು ಹೇಳದೆ ಉಳಿದವರಿಗೆ ಪಾಠ ಪೂರ್ತಿಯಾಗದು. ನಿನ್ನ ನಾಲ್ವರ ಗುಂಪಿನಲ್ಲಿ ಒಬ್ಬರು ಮಂಗನ, ಒಬ್ಬರು ಮೊಸಳೆಯ, ಒಬ್ಬರು ಹೆಂಡತಿಯ, ಒಬ್ಬರು ಎಲ್ಲವನ್ನೂ ನೋಡುತ್ತಿದ್ದ ಮರದ ಐದು ಸಾಲಿನ ಚೀಟಿ ಓದಿಕೊಳ್ಳಲಿ. ಆಮೇಲೆ ಬೇರೆ ಬೇರೆ ಗುಂಪಿನ ಒಂದೇ ಪಾತ್ರದವರು ಸೇರಿ ಮಾತಾಡಿಕೊಂಡು, ತಮ್ಮ ಗುಂಪಿಗೆ ಮರಳಿ ಹೇಳಲಿ. ಹಾಗೆ ಸೇರುವಾಗ ಎಂಟೂ ಜನ ಒಟ್ಟಿಗೆ ಕೂತರೆ ಮೂವರು ಮಾತಾಡಿ ಐವರು ಕಿಟಕಿ ನೋಡುತ್ತಾರೆ. ಅವರನ್ನು ನಾಲ್ಕು-ನಾಲ್ಕಾಗಿ ಒಡೆ. ಭತ್ತದ ನಾಟಿ ಹೊತ್ತಿನಲ್ಲಿ ಹಾಜರಿ ಕಡಿಮೆಯಾದರೆ ಮರದ ಚೀಟಿಯನ್ನು ಬಿಟ್ಟು ಮೂವರ ಗುಂಪು ಮಾಡು.

ಕುರ್ಚಿಯ ಆಟಕ್ಕೆ ಒಂದು ಮಗುವನ್ನು ಒಂಟಿಯಾಗಿ ಕೂರಿಸಬೇಡ, ಇಬ್ಬರು ಸೇರಿ ಮೊಸಳೆಯಾಗಲಿ. ಒಬ್ಬರಿಗೆ ಉತ್ತರ ಹೊಳೆಯದಿದ್ದರೆ ಇನ್ನೊಬ್ಬರು ಹೇಳುತ್ತಾರೆ. ಹೆಗಲ ಮೇಲೆ ಹಸಿರು ಟವೆಲ್ ಇರುವ ತನಕ ಮೊಸಳೆ, ತೆಗೆದಿಟ್ಟರೆ ನಮ್ಮ ಹುಡುಗರು. ಈ ಗುರುತು ಇಲ್ಲದಿದ್ದರೆ ಊಟದ ಬೆಲ್ಲಾದ ಮೇಲೂ ಆ ಮಕ್ಕಳನ್ನು ‘ಏ ಮೊಸಳಿ’ ಎಂದು ಕಾಡುತ್ತಾರೆ. ಪ್ರಶ್ನೆಗಳನ್ನು ಗುಂಪುಗಳು ಐದು ನಿಮಿಷ ಮೊದಲೇ ತಯಾರಿಸಿಕೊಳ್ಳಲಿ, ಗುಂಪಿಗೆ ಮೂರು. ಹೌದು-ಇಲ್ಲ ಎಂದು ಮುಗಿಯುವ ಪ್ರಶ್ನೆ ಲೆಕ್ಕಕ್ಕಿಲ್ಲ.

ಮೊದಲು ಕೂರಿಸಬೇಕಾದದ್ದು ಹೆಂಡತಿಯನ್ನು. ಈ ಕಥೆಯ ದೊಡ್ಡ ಅನ್ಯಾಯವೆಂದರೆ ತಪ್ಪೆಲ್ಲ ಅವಳ ತಲೆಗೆ ಕಟ್ಟಿರುವುದು. ‘ಹೆಂಡ್ತಿ ಮಾತು ಕೇಳಿದ್ರ ಹಿಂಗ ಆಗೂದು’ ಎಂಬ ಮಾತು ಮನೆಯಿಂದ ನಿನ್ನ ತರಗತಿಗೆ ಬಂದೇ ಬರುತ್ತದೆ. ಅದು ತಪ್ಪು ಎಂದು ಬುದ್ಧಿ ಹೇಳಿದರೆ ಮಕ್ಕಳು ತಲೆಯಾಡಿಸಿ ಮನಸ್ಸಿನಲ್ಲಿ ಅದನ್ನೇ ಇಟ್ಟುಕೊಳ್ಳುತ್ತಾರೆ. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಕೇಳಲಿ: ಗಂಡ ದಿನವಿಡೀ ಎಲ್ಲಿ ಹೋಗುತ್ತಾನೆಂದು ನಿನಗೆ ಯಾರು ಹೇಳಿದರು? ಮಂಗನನ್ನು ಒಮ್ಮೆಯಾದರೂ ನೋಡಿದ್ದೀಯಾ? ನೀನು ಕೇಳಿದೆ ಸರಿ, ಒಯ್ಯಲು ಒಪ್ಪಿದವರು ಯಾರು? ಆ ಪಾತ್ರಕ್ಕೆ ಒಬ್ಬ ಹುಡುಗ, ಒಬ್ಬ ಹುಡುಗಿ ಜೋಡಿಯಾಗಿ ಕೂರಲಿ.

ಇಷ್ಟು ಹೊತ್ತು ನಿನ್ನ ಕೆಲಸ ಕಿವಿಯದು. ಮೇರಿ ಬಡ್ ರೋ ಎಂಬ ಅಮೆರಿಕದ ಶಿಕ್ಷಣತಜ್ಞೆ 1974ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವುದು ಸರಾಸರಿ ಒಂದು ಸೆಕೆಂಡು ಎಂದು ತೋರಿಸಿದ್ದಾರೆ. ಮೂರು ಸೆಕೆಂಡು ಕಾದರೆ ಉತ್ತರ ಉದ್ದವಾಗುತ್ತದೆ, ಮಾತಾಡದವರೂ ಮಾತಾಡುತ್ತಾರೆ. ಮಗು ಹೇಳಿ ಮುಗಿಸಿದ ಮೇಲೂ ಅಷ್ಟೇ ಕಾಯಬೇಕು. ಬಹಳ ಸಲ ಒಳ್ಳೆಯ ಮಾತು ಆ ಎರಡನೇ ಮೌನದ ನಂತರವೇ ಬರುತ್ತದೆ. ‘ಶಾಬಾಸ್’, ‘ಸರಿ’ ಎಂದರೆ ಬಾಗಿಲು ಹಾಕಿದಂತೆ. ‘ಯಾಕ ಹಂಗ ಅನಸ್ತೈತಿ?’ ಎನ್ನು. ಒಂದು ಪಿರಿಯಡ್ಡಿಗೆ ಎರಡೇ ಗುಂಪಿನ ಪಕ್ಕ ಕೂತು, ಅವರಾಡಿದ ನಾಲ್ಕು ವಾಕ್ಯಗಳನ್ನು ಇದ್ದಂತೆಯೇ ಬರೆದುಕೋ. ವಾರ ಕಳೆದ ಮೇಲೆ ‘ಆದ್ರ’, ‘ಹಂಗಿದ್ರ’, ‘ನೀ ಅಂದಿದ್ದು ಖರೆ, ಆದರೂ’ ಎಂಬವು ಹೆಚ್ಚಿವೆಯೇ ಎಂದು ನೋಡು. ಅದೇ ನಿನ್ನ ಮೌಲ್ಯಮಾಪನ.

ಒಂದು ಗುಂಪಿನಲ್ಲಿ ಒಬ್ಬರೇ ಮಾತಾಡುತ್ತಿದ್ದರೆ ತಲಾ ಮೂರು ಹುಣಸೆಬೀಜ ಕೊಡು. ಮಾತಾಡಿದಾಗ ಒಂದು ನಡುವೆ ಇಡಬೇಕು, ಮುಗಿದರೆ ಉಳಿದವರದು ಮುಗಿಯುವ ತನಕ ಕಾಯಬೇಕು. ಎರಡು ಮೂರು ಸಲಕ್ಕಿಂತ ಹೆಚ್ಚು ಬಳಸಬೇಡ. ಆಮೇಲೆ ಮಕ್ಕಳು ಬೀಜ ಖಾಲಿ ಮಾಡುವುದಕ್ಕೇ ಮಾತಾಡುತ್ತಾರೆ.

ಐದನೇ ದಿನ ಬರವಣಿಗೆ. ಮಂಗ ಮೊಸಳೆಗೆ ಬರೆದ ಕಾಗದ, ಗುಂಪಿಗೆ ಒಂದೇ ಹಾಳೆ, ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಸ್ಕೆಚ್ ಪೆನ್. ಯಾರು ಎಷ್ಟು ಬರೆದರು ಎಂದು ಬಣ್ಣವೇ ಹೇಳುತ್ತದೆ. ನಾಲ್ಕು ದಿನ ಮಾತಾಡಿದ್ದರಿಂದ ಏನು ಬರೆಯಲಿ ಎಂದು ಯಾರೂ ಕೇಳುವುದಿಲ್ಲ. ಮಾತು ಬಿಟ್ಟು ಮೊದಲ ದಿನವೇ ಬರೆಯಿಸಿದರೆ ಬೋರ್ಡಿನ ವಾಕ್ಯಗಳೇ 32 ಪ್ರತಿಯಾಗಿ ನಿನ್ನ ಮೇಜಿಗೆ ಬರುತ್ತವೆ.

ಪಿರಿಯಡ್ಡು 40 ನಿಮಿಷದ್ದು, ದಿನಕ್ಕೆ ಒಂದೇ ಚಟುವಟಿಕೆ ಇಟ್ಟುಕೋ. ಕಾರ್ಡುಗಳ ಬೆನ್ನ ಮೇಲೆ ಸೆಟ್ಟಿಗೊಂದು ಗುರುತು ಹಾಕು: ಒಂದಕ್ಕೆ ಎಲೆ, ಒಂದಕ್ಕೆ ಮೀನು, ಒಂದಕ್ಕೆ ಹರಗೋಲು, ಹೀಗೆ ಎಂಟು. ಚಿತ್ರದ ಕ್ರಮಸಂಖ್ಯೆ ಮಾತ್ರ ಎಲ್ಲೂ ಹಾಕಬೇಡ, ಮಕ್ಕಳು ಅದನ್ನು ಮೊದಲು ಹುಡುಕುತ್ತಾರೆ. ಸೆಟ್ಟಿಗೆ ಒಂದು ರಬ್ಬರ್ ಬ್ಯಾಂಡು, ಹಳೆಯ ಲಕೋಟೆ. ಎಂಟಿವೆಯೇ ಎಂದು ಎಣಿಸಿ ಹಿಂದಿರುಗಿಸುವ ಕೆಲಸ ಆಯಾ ಗುಂಪಿನದೇ. ನೇರಳೆ ಮುಗಿಯುವುದರೊಳಗೆ ಶುರು ಮಾಡು. ಹೆಂಡತಿಯನ್ನು ಕುರ್ಚಿಯ ಮೇಲೆ ಕೂರಿಸಿದ ದಿನ ಮಕ್ಕಳು ಏನೇನು ಕೇಳಿದರು ಎಂದು ಅವರ ಮಾತಿನಲ್ಲೇ ಬರೆದು ಕಳಿಸು.

ನಿನ್ನ ಗೆಳೆಯ