ಹಳೆ ಮನೆಗೆ ಹೊಸ ಗೀಸರ್: ವೈರು, ಗೋಡೆ, ವಾಲ್ವ್ ಯಾರು ನೋಡಬೇಕು?

ಸಂಪಾದಕರೇ,

ಚಳಿ ಶುರುವಾಯಿತು ಅಂದರೆ ಪತ್ರಿಕೆಗಳಲ್ಲಿ ಗೀಸರ್ ಜಾಹೀರಾತು ಸಾಲುಗಟ್ಟಿ ಬರುತ್ತವೆ. ಎಷ್ಟು ಲೀಟರ್, ಎಷ್ಟು ಬೇಗ ಕಾಯುತ್ತದೆ, ಎಷ್ಟು ವರ್ಷ ಗ್ಯಾರಂಟಿ, ಮೊಬೈಲಿನಿಂದಲೇ ಆನ್ ಮಾಡಬಹುದಾ, ಎಲ್ಲ ಇರುತ್ತದೆ. ಅದನ್ನು ತಗುಲಿ ಹಾಕುವ ಮನೆಯ ಬಗ್ಗೆ ಮಾತ್ರ ಒಂದು ಸಾಲೂ ಇರುವುದಿಲ್ಲ. ಊರಂಚಿನ ಹಳೆ ಬಡಾವಣೆಗಳ ಮನೆಗಳಲ್ಲಿ ಗೀಸರ್ ಕೆಟ್ಟರೆ ಅದಕ್ಕಿಂತ ದೊಡ್ಡದೊಂದು ತಂದು, ಅದೇ ಬೋಲ್ಟಿಗೆ, ಅದೇ ವೈರಿಗೆ, ಅದೇ ಪೈಪಿಗೆ ಅರ್ಧ ಗಂಟೆಯಲ್ಲಿ ಸಿಕ್ಕಿಸಿ ಹೋಗುತ್ತಾರೆ. ನನ್ನ ತಕರಾರು ಇದಕ್ಕೇ.

ಮೊದಲನೇ ಮಾತು, ಕೆಟ್ಟಿದ್ದೆಲ್ಲ ಬದಲಿಸುವಂಥದ್ದಲ್ಲ. ನೀರು ಕಾಯುತ್ತಿಲ್ಲ ಅಂದರೆ ಕಾಯಿಲ್ ಹೋಗಿರಬಹುದು, ಥರ್ಮೋಸ್ಟಾಟ್ ಹೋಗಿರಬಹುದು, ಎರಡೂ ಬಿಡಿಯಾಗಿ ಸಿಗುತ್ತವೆ. ಕೆಟಲ್ ಥರ ಗುರ್ ಗುರ್ ಸದ್ದು ಬಂದರೆ ಕಾಯಿಲ್ ಮೇಲೆ ಗಡಸು ನೀರಿನ ಸುಣ್ಣ ಕಟ್ಟಿದೆ ಅಂತ, ಅದನ್ನು ಬಿಚ್ಚಿ ತೊಳೆಯಬಹುದು. ಆದರೆ ಒಳಗಿನ ಟ್ಯಾಂಕೇ ತೂತಾಗಿ ತಳದಿಂದ ನೀರು ಸುರಿಯುತ್ತಿದ್ದರೆ ಅದರ ಕಥೆ ಮುಗಿಯಿತು, ಬೆಸುಗೆ ಹಾಕಿಸುತ್ತೇನೆ ಅಂತ ಓಡಾಡಬೇಡಿ. ಬಿಸಿನೀರಿನ ನಲ್ಲಿಯಲ್ಲಿ ಮಾತ್ರ ಕೆಂಪು ನೀರು ಬಂದರೆ ಟ್ಯಾಂಕ್ ತುಕ್ಕು ಹಿಡಿದಿರಬಹುದು, ಇಲ್ಲವೇ ಗೋಡೆಯೊಳಗಿನ ಹಳೇ ಜಿಐ ಪೈಪ್ (ಸತು ಲೇಪಿಸಿದ ಕಬ್ಬಿಣದ್ದು). ಪೈಪಿನದಾದರೆ ಹೊಸ ಗೀಸರ್ ಹಾಕಿದ ಮೇಲೂ ಕೆಂಪು ನೀರೇ ಬರುತ್ತದೆ, ಆಗ ಕಂಪನಿಯವರನ್ನು ಬೈದು ಏನೂ ಪ್ರಯೋಜನವಿಲ್ಲ.

ಇನ್ನು ಸೈಜಿನ ವಿಷಯ. 25 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸುವುದಕ್ಕೆ ಹೆಚ್ಚುಕಡಿಮೆ ಒಂದು ಯೂನಿಟ್ ಕರೆಂಟ್ ಬೇಕೇ ಬೇಕು, ಕಾಯಿಲ್ ಯಾರದ್ದೇ ಇರಲಿ. ಉಳಿತಾಯ ಏನಿದ್ದರೂ ಕಾಯಿಸಿದ ನೀರು ಬೇಗ ಆರದ ಹಾಗೆ ಸುತ್ತ ತುಂಬಿದ ಫೋಮಿನಲ್ಲಿದೆ. 2 ಕಿಲೋವ್ಯಾಟ್‌ನದು ಈ ಕೆಲಸಕ್ಕೆ ಅರ್ಧ ಗಂಟೆ ತಗೊಂಡರೆ 3 ಕಿಲೋವ್ಯಾಟ್‌ನದು 20 ನಿಮಿಷ ತಗೊಳ್ಳುತ್ತದೆ. ಸಿಗುವುದು ಹತ್ತು ನಿಮಿಷ ಅಷ್ಟೇ. ಆ ಹತ್ತು ನಿಮಿಷಕ್ಕಾಗಿ 230 ವೋಲ್ಟ್ ಲೈನಿನಲ್ಲಿ 9 ಆಂಪ್ ಎಳೆಯುತ್ತಿದ್ದ ಜಾಗದಲ್ಲಿ 13 ಆಂಪ್ ಎಳೆಯುತ್ತೀರಿ, ಅದೂ ಎಂದೋ ಎಳೆದ ತೆಳು ವೈರಿನಲ್ಲಿ. ವೈರ್ ಬಿಸಿಯಾಗುತ್ತದೆ, ಪ್ಲಗ್ ಕಪ್ಪಾಗುತ್ತದೆ, ಎಂಸಿಬಿ ಬೀಳುತ್ತದೆ. ಆಗ ಯಾರೋ ಬಂದು ದೊಡ್ಡ ಎಂಸಿಬಿ ಹಾಕಿ ‘ಇನ್ನು ಬೀಳಲ್ಲ ಬಿಡಿ’ ಅನ್ನುತ್ತಾರೆ. ಎಂಸಿಬಿ ಇರುವುದು ವೈರ್ ಸುಡದ ಹಾಗೆ ಕಾಯುವುದಕ್ಕೆ, ಅದನ್ನೇ ದೊಡ್ಡದು ಮಾಡಿದರೆ ಕಾಯುವವರು ಯಾರು? ಹಳೆ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೇ ತೂತಿನ ಹಿಂದೆ ಅರ್ಥ್ ವೈರೇ ಇರುವುದಿಲ್ಲ, ಅಥವಾ ಇದ್ದೂ ಅರ್ಥ್ ಸತ್ತಿರುತ್ತದೆ. ನೀರಲ್ಲಿ ನಿಂತು ನಲ್ಲಿ ಮುಟ್ಟುವ ಜಾಗ ಅದು. ಅರ್ಥಿಂಗ್ ಅಳೆದು ನೋಡದೆ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದೆ ಗೀಸರ್ ಆನ್ ಮಾಡಲೇಬಾರದು ಅನ್ನುವುದು ನನ್ನ ಹಟ.

ಗೋಡೆ ನೋಡುವವರಂತೂ ಇಲ್ಲವೇ ಇಲ್ಲ. 25 ಲೀಟರ್ ಅಂದರೆ ನೀರೇ 25 ಕಿಲೋ, ಅದರ ಮೇಲೆ ಗೀಸರಿನದೇ ತೂಕ. ತೇವ ಹಿಡಿದು ಪೊಳ್ಳಾದ ಪ್ಲಾಸ್ಟರಿಗೆ, 10 ಲೀಟರಿನದಕ್ಕೆ ಹೊಡೆದ ಹಳೇ ಬೋಲ್ಟಿಗೆ ಅದನ್ನು ನೇತು ಹಾಕುತ್ತಾರೆ, ಕೆಳಗೆ ನಿಂತು ನಾವು ಸ್ನಾನ ಮಾಡುತ್ತೇವೆ.

ಇದೆಲ್ಲಕ್ಕಿಂತ ಹೆಚ್ಚು ಹೆದರಿಸುವುದು ಸೇಫ್ಟಿ ವಾಲ್ವ್. ನೀರು ಕಾದರೆ ಹಿಗ್ಗುತ್ತದೆ, 25 ಲೀಟರ್ 60 ಡಿಗ್ರಿ ಮುಟ್ಟುವಷ್ಟರಲ್ಲಿ 300 ಎಂಎಲ್‌ಗಿಂತ ಜಾಸ್ತಿ ನೀರು ಹೊರಗೆ ಜಾಗ ಹುಡುಕುತ್ತಿರುತ್ತದೆ. ಓವರ್‌ಹೆಡ್ ಟ್ಯಾಂಕಿನ ಪೈಪ್ ತೆರೆದಿದ್ದರೆ ಅದು ವಾಪಸ್ ಮೇಲೆ ಹೋಗುತ್ತದೆ. ಆಮೇಲೆ ಯಾವಾಗಲೋ ಶವರ್ ಜೋರಾಗಿ ಬರಲಿ ಅಂತ ಪ್ರೆಷರ್ ಪಂಪ್ ಹಾಕಿಸಿರುತ್ತೀರಿ, ನೀರು ಹಿಂದಕ್ಕೆ ಹೋಗದ ಹಾಗೆ ತಡೆಯುವ ನಾನ್ ರಿಟರ್ನ್ ವಾಲ್ವ್ ಸೇರಿರುತ್ತದೆ, ದಾರಿ ಮುಚ್ಚಿತು. ಆಗ ಸೇಫ್ಟಿ ವಾಲ್ವ್ ತೊಟ್ಟಿಕ್ಕುತ್ತದೆ. ಕಾಯುವಾಗ ನಾಲ್ಕು ಹನಿ ಬಿದ್ದರೆ ಅದು ಲೀಕ್ ಅಲ್ಲ, ಅದರ ಕೆಲಸವೇ ಅದು. (ಗೀಸರ್ ಆಫ್ ಇದ್ದಾಗಲೂ ಸುರಿಯುತ್ತಿದ್ದರೆ ವಾಲ್ವ್ ಕೆಟ್ಟಿದೆ ಇಲ್ಲವೇ ಪ್ರೆಷರ್ ಮಿತಿ ಮೀರಿದೆ, ಅದು ಬೇರೆ ಮಾತು.) ಆದರೆ ಬಾತ್‌ರೂಮ್ ಒದ್ದೆಯಾಗುತ್ತದೆ ಅಂತ ಆ ವಾಲ್ವಿನ ಬಾಯಿಗೆ ಡಮ್ಮಿ ಮುಚ್ಚಳ ಹಾಕಿ ಟೇಪ್ ಸುತ್ತುವವರಿದ್ದಾರೆ! ಥರ್ಮೋಸ್ಟಾಟ್ ಅಂಟಿಕೊಂಡು, ನೀರು ಅತಿಯಾಗಿ ಕಾದರೆ ಕರೆಂಟ್ ಕಡಿಯುವ ಕಟ್‌ಔಟೂ ಕೈಕೊಟ್ಟ ದಿನ, ಒತ್ತಡದಲ್ಲಿ ನೀರು 100 ಡಿಗ್ರಿ ದಾಟಿ ಕಾಯುತ್ತಲೇ ಇರುತ್ತದೆ. ಟ್ಯಾಂಕ್ ಬಿರಿದ ಕ್ಷಣ ಅದರಲ್ಲೊಂದು ಪಾಲು ಹಬೆಯಾಗುತ್ತದೆ, ನೀರು ಹಬೆಯಾದರೆ ಅದಕ್ಕೆ 1,600 ಪಟ್ಟು ಜಾಗ ಬೇಕು. ಬಾತ್‌ರೂಮಿನಲ್ಲಿ ಅಷ್ಟು ಜಾಗ ಎಲ್ಲಿಂದ ಬರಬೇಕು?

ಬಿಸಿನೀರಿನ ಕಡೆಗೆ ಮಾಮೂಲಿ ಪಿವಿಸಿ ಪೈಪ್ ಬೇಡ, ಮೆತ್ತಗಾಗುತ್ತದೆ. ಬಿಸಿ ತಡೆಯುವ ಸಿಪಿವಿಸಿ ಹಾಕಿಸಿ.

ನಾನು ಕೇಳುವುದು ದೊಡ್ಡದೇನಲ್ಲ. ಫಿಟ್ ಮಾಡುವವರು ಗ್ಯಾರಂಟಿ ಕಾರ್ಡಿಗೆ ಸುಮ್ನೆ ಸೀಲ್ ಒತ್ತುವ ಬದಲು, ಅರ್ಥಿಂಗ್ ನೋಡಿದೆ, ವೈರ್ ಇಷ್ಟು ದಪ್ಪ ಇದೆ, ವಾಲ್ವ್ ತೆರೆದು ಪರೀಕ್ಷಿಸಿದೆ ಅಂತ ಬರೆದು ಸಹಿ ಹಾಕಲಿ. ಬರೆಯಲು ಒಪ್ಪದಿದ್ದರೆ ನೀವು ಕೂಲಿ ಕೊಡಬೇಡಿ. ಹಾಗೇ ಟ್ಯಾಂಕಿನೊಳಗೆ ಮೆಗ್ನೀಸಿಯಂ ಆನೋಡ್ ರಾಡ್ ಅಂತ ಒಂದಿರುತ್ತದೆ, ಉಕ್ಕಿನ ಬದಲು ತಾನು ಕರಗಿ ಟ್ಯಾಂಕ್ ಉಳಿಸುವಂಥದ್ದು. ಅದು ಪೂರ್ತಿ ಕರಗುವ ಮುಂಚೆ ಬದಲಿಸಿದರೆ ಗೀಸರ್ ಇನ್ನಷ್ಟು ವರ್ಷ ಬಾಳುತ್ತದೆ. ಇದನ್ನು ಮಾರುವಾಗ ಯಾರೂ ಹೇಳುವುದಿಲ್ಲ, ಯಾಕೆ ಅಂತ ನಿಮಗೂ ಗೊತ್ತಲ್ವಾ? ಯಾವ ಅಳತೆಯ ರಾಡ್, ಎಷ್ಟು ದಿನಕ್ಕೊಮ್ಮೆ ನೋಡಬೇಕು ಅಂತ ಕಂಪನಿಗಳು ಗೀಸರಿನ ಮೈಮೇಲೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಲಿ, ಅರ್ಧ ಪುಟದ ಆ ಜಾಹೀರಾತಿನಲ್ಲೂ ಒಂದು ಮೂಲೆಯಲ್ಲಿ ಹಾಕಲಿ.

ಇಂತಿ,
ನಿಮ್ಮ ಓದುಗ