ಅಟ್ಟದ ಮೇಲಿನ ಪತ್ರಿಕೆಗಳನ್ನು ತೂಕಕ್ಕೆ ಹಾಕಬೇಡಿ

ಲೈಪ್‌ಜಿಗ್, ಭಾನುವಾರ

ಅಪ್ಪನಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಮನೆಗೆ ಸುಣ್ಣಬಣ್ಣ ಶುರುವಾಗಿದೆ, ಅಟ್ಟ ಖಾಲಿ ಮಾಡಿಸುತ್ತಿದ್ದೀರಿ ಅಂತ ಅಮ್ಮ ಹೇಳಿದಳು. ತಾತನ ಹಾಸ್ಯಪತ್ರಿಕೆ ಕೊರವಂಜಿ, ನಮ್ಮ ಚಂದಮಾಮ, ಸುಧಾ, ಮಯೂರ ಎಲ್ಲವನ್ನೂ ಹಳೇ ಪೇಪರಿನವನಿಗೆ ಕೊಡುವ ಯೋಚನೆ ಇದೆಯಂತೆ. ದಯವಿಟ್ಟು ಕೊಡಬೇಡಿ ಅಪ್ಪ. ಕಾರಣ ಫೋನಿನಲ್ಲಿ ಹೇಳಿ ಮುಗಿಯುವಂಥದ್ದಲ್ಲ, ಅದಕ್ಕೇ ಈ ಕಾಗದ.

ಈ ಊರಲ್ಲಿ ಮುದ್ರಣ ಕಲೆಯ ಮ್ಯೂಸಿಯಂ ಒಂದಿದೆ. ಹಳೇ ಯಂತ್ರಗಳನ್ನು ಸುಮ್ನೆ ಇಟ್ಟಿಲ್ಲ, ಓಡಿಸಿಯೂ ತೋರಿಸುತ್ತಾರೆ. ಅಲ್ಲಿ ಚಿತ್ರ ಅಚ್ಚು ಹಾಕುವ ಸತುವಿನ ಬ್ಲಾಕ್ ನೋಡಿದೆ. ಮರದ ತುಂಡಿನ ಮೇಲೆ ಕೂರಿಸಿದ ಒಂದು ತಗಡು, ಅಷ್ಟೇ. ಗೆರೆ ಇರುವ ಕಡೆ ಲೋಹ ಎದ್ದು ನಿಂತಿರುತ್ತದೆ, ಉಳಿದದ್ದನ್ನು ಆಸಿಡ್ ತಿಂದುಹಾಕಿರುತ್ತದೆ. ಎದ್ದು ನಿಂತ ಕಡೆ ಮಾತ್ರ ಮಸಿ ಹತ್ತುತ್ತದೆ. ಅಂದರೆ ಕಪ್ಪು, ಇಲ್ಲವೇ ಬಿಳಿ. ನಡುವಿನ ಬೂದು ಬಣ್ಣ ಇಲ್ಲವೇ ಇಲ್ಲ. ನೆರಳು ಬೇಕಾದರೆ ಚಿತ್ರಗಾರ ಒತ್ತೊತ್ತಾಗಿ ಗೆರೆ ಎಳೆಯಬೇಕು, ಇಲ್ಲ ಚುಕ್ಕಿ ಇಡಬೇಕು. ಗೆರೆಗಳು ತೀರಾ ಹತ್ತಿರವಾದರೆ ಮಸಿ ತುಂಬಿಕೊಂಡು ಮುದ್ದೆಯಾಗುತ್ತದೆ. ತೀರಾ ತೆಳುವಾದರೆ ಅಚ್ಚಿನಲ್ಲಿ ತುಂಡಾಗುತ್ತದೆ. ಬೂದು ಛಾಯೆಗೆ ಬೇರೆ ಥರದ ಬ್ಲಾಕ್ ಇತ್ತು ನಿಜ. ಅದಕ್ಕೆ ನಯವಾದ ಕಾಗದ ಬೇಕು, ಖರ್ಚೂ ಜಾಸ್ತಿ.

ಅದನ್ನು ನೋಡುವಾಗ ನನಗೆ ಆರ್.ಕೆ. ಲಕ್ಷ್ಮಣ್ ಅವರ ವ್ಯಂಗ್ಯಚಿತ್ರಗಳ ಕಾಮನ್ ಮ್ಯಾನ್ ಕಣ್ಣ ಮುಂದೆ ಬಂದ. ಅವನ ಕೋಟಿನ ಚೌಕಳಿ ನಾಲ್ಕಾರು ಗೆರೆಗಳಲ್ಲಿ ಮುಗಿಯುತ್ತದೆ. ಪಂಚೆ ಅಂದರೆ ಬರೀ ಖಾಲಿ ಕಾಗದ, ಅಂಚಿಗೊಂದು ಮಡಿಕೆ. ಆದರೂ ಅದು ಒಗೆದು ಒಗೆದು ಹಳತಾದ ಪಂಚೆ ಅಂತ ಗೊತ್ತಾಗುತ್ತದೆ, ಅಲ್ವಾ? ಇಷ್ಟು ಕಡಿಮೆಯಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸುವುದು ಎಷ್ಟು ದೊಡ್ಡ ವಿದ್ಯೆ ಅಂತ ನನಗೆ ಈಗ ಅರ್ಥವಾಗುತ್ತಿದೆ.

1951ರಲ್ಲಿ ಟೈಮ್ಸ್ ಆಫ್ ಇಂಡಿಯಾದಲ್ಲಿ ಆ ಕಾಮನ್ ಮ್ಯಾನ್ ಬರುವುದಕ್ಕೆ ಎಷ್ಟೋ ಮೊದಲೇ ಮೈಸೂರಿನ ಆ ಹುಡುಗ ಕೊರವಂಜಿಗೆ ಚಿತ್ರ ಬರೆಯುತ್ತಿದ್ದರು. ಡಾಕ್ಟರ್ ಶಿವರಾಂ, ಅಂದರೆ ನಮ್ಮ ರಾಶಿ, 1942ರಲ್ಲಿ ಶುರುಮಾಡಿದ ಪತ್ರಿಕೆ ಅದು. ಮುಂಬಯಿಯ ಜೆ.ಜೆ. ಕಲಾಶಾಲೆ ಲಕ್ಷ್ಮಣ್ ಅವರನ್ನು ಸೇರಿಸಿಕೊಳ್ಳಲಿಲ್ಲ. ನಮ್ಮ ಕನ್ನಡ ಪತ್ರಿಕೆ ಅವರಿಗೆ ಜಾಗ ಕೊಟ್ಟಿತು. ಇದು ನನಗೆ ತುಂಬ ಹೆಮ್ಮೆಯ ಮಾತು. ಚಿಕ್ಕಂದಿನಲ್ಲಿ ಅವರು ಬೆರಗಿನಿಂದ ನೋಡುತ್ತಿದ್ದದ್ದು ಡೇವಿಡ್ ಲೋ ಎಂಬುವರ ವ್ಯಂಗ್ಯಚಿತ್ರಗಳನ್ನು. Low ಎಂಬ ಆ ಸಹಿಯನ್ನು ಬಹಳ ಕಾಲ Cow, ಅಂದರೆ 'ಕೌ' ಅಂತಲೇ ಓದಿಕೊಂಡಿದ್ದರಂತೆ.

ಚಂದಮಾಮದ ಕಥೆಯೇ ಬೇರೆ. ಹಿರಿದ ಕತ್ತಿ, ಹೆಗಲ ಮೇಲೆ ಹೆಣ, ಸ್ಮಶಾನದಲ್ಲಿ ನಡೆದು ಬರುವ ವಿಕ್ರಮ. ಆ ಚಿತ್ರ ಬರೆದವರು ಶಂಕರ್, ಪೂರ್ತಿ ಹೆಸರು ಕೆ.ಸಿ. ಶಿವಶಂಕರನ್. ತಮಿಳುನಾಡಿನವರು. ಮದರಾಸಿನಲ್ಲಿ ಕೂತು ಅವರು ಬರೆದ ಒಂದೇ ಚಿತ್ರವನ್ನು ತೆಲುಗಿನ ಮಕ್ಕಳೂ ತಮಿಳಿನ ಮಕ್ಕಳೂ ನಾವೂ ನಮ್ಮದು ಅಂತ ನೋಡಿದೆವು. 2020ರಲ್ಲಿ ತೀರಿಕೊಂಡರು. ಪದ್ಮಶ್ರೀ ಬಂದದ್ದು ಮರುವರ್ಷ. ಬದುಕಿದ್ದಾಗಲೇ ಕೊಡಬೇಕಿತ್ತು, ನನಗೆ ಆ ಬೇಸರ ಹೋಗಿಲ್ಲ. ಅದೇ ಚಂದಮಾಮದಲ್ಲಿ ಮಹಾಭಾರತದ ಚಿತ್ರಗಳನ್ನು ಬರೆದ ಎಂ.ಟಿ.ವಿ. ಆಚಾರ್ಯ ನಮ್ಮವರು. ಆಮೇಲೆ ಬೆಂಗಳೂರಿನಲ್ಲಿ ಆಚಾರ್ಯ ಚಿತ್ರಕಲಾ ಭವನ ಕಟ್ಟಿ ಅಂಚೆಯಲ್ಲೇ ಚಿತ್ರಕಲೆ ಕಲಿಸಿದರು. ಹತ್ತಿರದಲ್ಲಿ ಕಲಾಶಾಲೆ ಇಲ್ಲದ ಊರಿನ ಹುಡುಗರಿಗೂ ಅಂಚೆಯಣ್ಣನ ಕೈಯಲ್ಲಿ ಪಾಠ ತಲುಪಿತು.

ಸುಧಾ, ಮಯೂರದ ಕಥೆಗಳನ್ನು ನಾವು ಓದುತ್ತಿದ್ದೆವು, ಚಿತ್ರ ಬರೆದವರ ಹೆಸರು ನೋಡುತ್ತಿದ್ದದ್ದು ಕಡಿಮೆ. ಮೂಲೆಯಲ್ಲಿ ಸಣ್ಣ ಸಹಿ ಇರುತ್ತದೆ, ಭೂತಗನ್ನಡಿ ಹಿಡಿದು ನೋಡಿ. ಚಂದ್ರನಾಥ ಆಚಾರ್ಯ, ಪ.ಸ. ಕುಮಾರ್ ಇಂಥ ಹೆಸರುಗಳು ಸಿಗುತ್ತವೆ. ಚಂದ್ರನಾಥರು ಕೆನ್ ಕಲಾಶಾಲೆಯಲ್ಲಿ ಹಡಪದ್ ಮೇಷ್ಟ್ರ ಹತ್ತಿರ ಕಲಿತವರು. ವಾರ ವಾರವೂ ಗಡುವಿನೊಳಗೆ ಕಥೆ ಓದಿ, ಅದರ ಜೀವ ಎಲ್ಲಿದೆ ಅಂತ ಹುಡುಕಿ, ಒಂದೇ ಚಿತ್ರದಲ್ಲಿ ಹಿಡಿಯುವುದು ಸುಲಭದ ಕೆಲಸವಲ್ಲ.

ಹಾಗಾಗಿ ಅಪ್ಪ, ಕಟ್ಟುಗಳನ್ನು ಬಿಚ್ಚಿ ಒಂದು ದಿನ ನೆರಳಲ್ಲಿ ಹರಡಿಸಿ. ಗೆದ್ದಲು ಹಿಡಿದದ್ದನ್ನು ಬೇರೆ ಇಡಿ. ಉಳಿದದ್ದನ್ನು ಬೇವಿನ ಎಲೆ ಹಾಕಿ ಟ್ರಂಕಿನಲ್ಲಿ ಇಡಿಸಿ. ಗೋಡೆಗೆ ತಾಗಿಸಬೇಡಿ, ಮಳೆಗಾಲದಲ್ಲಿ ತೇವ ಎಳೆಯುತ್ತದೆ. ನಾನು ಬಂದಾಗ ಒಂದೊಂದೇ ಸ್ಕ್ಯಾನ್ ಮಾಡಿಕೊಳ್ಳುತ್ತೇನೆ. ಅಲ್ಲಿಯವರೆಗೆ ಪುಟ್ಟಿಗೆ ಓದಲು ಕೊಡಿ, ಪುಟ ಹರಿದರೂ ಬೈಯಬೇಡಿ.

ಬೆಂಗಳೂರಿಗೆ ಹೋದಾಗ ಅವಳನ್ನು ಟ್ರಿನಿಟಿ ಸರ್ಕಲ್ ಹತ್ತಿರದ ಕಾರ್ಟೂನ್ ಗ್ಯಾಲರಿಗೂ ಕರೆದುಕೊಂಡು ಹೋಗಿ. ಮಿಡ್‌ಫರ್ಡ್ ಹೌಸ್ ಅಂತ ಕೇಳಿದರೆ ತೋರಿಸುತ್ತಾರೆ. ಮೆಟ್ರೋದಲ್ಲಿ ಟ್ರಿನಿಟಿಗೇ ಇಳಿಯಬಹುದು, ನಿಮ್ಮ ಮಂಡಿಗೂ ತೊಂದರೆಯಿಲ್ಲ. ಅಮ್ಮನಿಗೆ ನಮಸ್ಕಾರ ಹೇಳಿ.

ನಿಮ್ಮ ಮಗಳು